ನೋಡದೆ ಹಾಕಿದ ಸಹಿ

ಹೆದರಿಕೆಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಜನ ಹಾವಿಗೆ ಹೆದರುತ್ತಾರೆ, ಕತ್ತಲೆಗೆ ಹೆದರುತ್ತಾರೆ, ಕೆಲವರು ಹೆಂಡತಿಗೆ ಹೆದರುತ್ತಾರೆ. ಈ ಪಟ್ಟಿಯಲ್ಲಿ ನನಗೆ ಅನ್ವಯಿಸದ್ದು ಒಂದೂ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ಮೂರನೇ ಮಹಡಿಯ ಹತ್ತಿರ ಸಣ್ಣಗೆ ನಡುಗುತ್ತದೆಂದು ನಾನು ನಾಲ್ಕು ಮಹಡಿಯನ್ನೂ ಮೆಟ್ಟಿಲು ಹತ್ತಿಯೇ ಹೋಗುತ್ತೇನೆ, ಕೇಳಿದವರಿಗೆ ಆರೋಗ್ಯದ ಸಲುವಾಗಿ ಎನ್ನುತ್ತೇನೆ. ಕುಕ್ಕರು ಎರಡು ಸಿಳ್ಳೆ ಹಾಕಿ ಮೂರನೆಯದಕ್ಕೆ ತಡ ಮಾಡಿದರೆ ಅಡುಗೆಮನೆ ಬಿಟ್ಟು ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ. ಆದರೆ ಇವೆಲ್ಲ ಚಿಲ್ಲರೆ ಹೆದರಿಕೆಗಳು. ಐವತ್ತೊಂದು ವರ್ಷದ ಬಾಳಿನಲ್ಲಿ ನನ್ನ ಕೈಕಾಲು ನಿಜವಾಗಿ ತಣ್ಣಗಾದದ್ದು ಒಂದೇ ಸಲ. ಅದೂ ಹಾಡಹಗಲು, ಭಾನುವಾರ ಬೆಳಗಿನ ಹತ್ತು ಗಂಟೆಗೆ, ತೆಲುಗು ನಾಡಿನ ಕೂಕಟ್‌ಪಲ್ಲಿಯ ನಮ್ಮ ಮನೆಯ ಹಾಲಿನಲ್ಲಿ. ಹೆದರಿಸಿದ್ದು ಭೂತವಲ್ಲ, ನನ್ನದೇ ಸಹಿ.

ಸಹಿಯ ವಿಷಯ ಹೇಳುವ ಮುಂಚೆ ನನ್ನ ಹೊಟ್ಟೆಪಾಡಿನ ವಿಷಯ ಹೇಳಬೇಕು. ನಾನು ಪಟಾನ್‌ಚೆರು ಕಡೆಯ ಒಂದು ಔಷಧ ಕಾರ್ಖಾನೆಯಲ್ಲಿ ದಾಖಲೆ ವಿಭಾಗದವನು. ಮಾತ್ರೆ ಮಾಡುವವನಲ್ಲ, ಮಾತ್ರೆ ಮಾಡಿದವರು ಮಾಡಿದ್ದನ್ನು ಬರೆದಿಟ್ಟರೋ ಇಲ್ಲವೋ ಎಂದು ನೋಡುವವನು. ನಮ್ಮಲ್ಲಿ ಪಾತ್ರೆ ತೊಳೆದರೂ ಒಂದು ಕಾಗದ, ತೊಳೆದ ಪಾತ್ರೆ ಒಣಗಿದರೂ ಒಂದು ಕಾಗದ. ಪ್ರತಿ ಕಾಗದದಲ್ಲೂ ಎರಡು ಕಾಲಂ: ‘ಮಾಡಿದವರು’, ‘ನೋಡಿದವರು’. ಮಾಡುವ ಮುಂಚೆಯೇ ಸಹಿ ಹಾಕಿಡುವುದು, ನೋಡದೆ ಸಹಿ ಹಾಕುವುದು, ಇವೆರಡು ನಮ್ಮ ಕಾರ್ಖಾನೆಯ ಮಹಾಪಾತಕಗಳು. ಹೊಸದಾಗಿ ಸೇರಿದವರನ್ನು ಸಾಲಾಗಿ ಕೂರಿಸಿ ಈ ಪಾತಕಗಳ ಬಗ್ಗೆ ಉಪನ್ಯಾಸ ಕೊಡುವವನು ನಾನೇ. “ನೋಡದೆ ಸಹಿ ಹಾಕೋದೂ ಒಂದೇ, ಔಷಧದಲ್ಲಿ ವಿಷ ಕಲೆಸೋದೂ ಒಂದೇ” ಎಂದು ನಾನು ತೆಲುಗು, ಹಿಂದಿ ಎರಡರಲ್ಲೂ ಹೇಳಿ ಮೇಜು ಗುದ್ದುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಮಾತು ತೆಲುಗಿನಲ್ಲಿ ಏನೆಂದು ಯಾರೂ ನನಗೆ ಹೇಳಿಕೊಡಲಿಲ್ಲ, ಒಳ್ಳೆಯದೇ ಆಯಿತು.

ಇಪ್ಪತ್ತೆರಡು ವರ್ಷ ಈ ಗಾಳಿ ಕುಡಿದವನು ಮನೆಗೆ ಬಂದು ಸುಮ್ಮನೆ ಕೂರುತ್ತಾನೆಯೇ? ನಮ್ಮ ಫ್ರಿಜ್ಜಿನ ಬಾಗಿಲ ಮೇಲೂ ಒಂದು ಕಾಗದ ಅಂಟಿತು. ಪ್ರತಿ ತಿಂಗಳು ಆಗಬೇಕಾದ ಕೆಲಸಗಳ ಪಟ್ಟಿ: ನೀರಿನ ಫಿಲ್ಟರ್ ತೊಳೆಯುವುದು, ಗ್ಯಾಸಿನ ಪೈಪು ಬಿರುಕು ಬಿಟ್ಟಿದೆಯೇ ನೋಡುವುದು, ಅವ್ವನ ಬಿ.ಪಿ. ಮಾತ್ರೆ ತರುವುದು. ಎದುರಿಗೆ ಅದೇ ಎರಡು ಕಾಲಂ. ನಾನು ‘ಮಾಡಿದವರು’, ನನ್ನ ಹೆಂಡತಿ ಸುನಂದಾ ‘ನೋಡಿದವರು’. ಮೊದಲ ದಿನ ಅವಳು ಸೊಂಟದ ಮೇಲೆ ಕೈಯಿಟ್ಟು ಅದನ್ನು ಓದಿ, “ಇನ್ನ ನಾ ಸಾರಿಗೆ ಉಪ್ಪು ಹಾಕಿದ್ರೂ ನಿಮ್ಮ ಸಹಿ ತಗೋಬೇಕೇನ್ರಿ?” ಎಂದಿದ್ದಳು. ಆಮೇಲೆ ಅವಳಿಗೇ ರೂಢಿಯಾಯಿತು. ತಿಂಗಳ ಮೊದಲ ಭಾನುವಾರ ಇಬ್ಬರೂ ಗಂಭೀರವಾಗಿ ಫ್ರಿಜ್ಜಿನ ಮುಂದೆ ನಿಂತು ಸಹಿ ಹಾಕುತ್ತಿದ್ದೆವು.

ಈ ಪಟ್ಟಿಯ ಕೊನೆಯ ಸಾಲು: ‘ಅವ್ವನ ಹಾಡಿನ ಕಾಪಿ’.

ಅವ್ವ ಎಂದರೆ ನನ್ನ ತಾಯಿ, ಎಪ್ಪತ್ತೆಂಟು ದಾಟಿದವಳು, ಹದಿನಾಲ್ಕು ವರ್ಷದಿಂದ ನಮ್ಮ ಜೊತೆ ಇಲ್ಲಿದ್ದಾಳೆ. ಲಿಂಗಸುಗೂರು ಕಡೆಯ ಹೆಣ್ಣುಮಕ್ಕಳ ಹಾಡುಗಳು ಅವಳ ಹೊಟ್ಟೆಯಲ್ಲಿ ಎಷ್ಟಿವೆಯೋ ಅವಳಿಗೇ ಲೆಕ್ಕವಿಲ್ಲ. ಆದರೆ ಕೈ ಆಡದೆ ಅವಳ ಬಾಯಿ ಆಡುವುದಿಲ್ಲ. “ಹಾಡವ್ವ” ಎಂದು ಎದುರಿಗೆ ಕೂತರೆ ಒಂದು ಸಾಲೂ ಬರುವುದಿಲ್ಲ. ಊರಿನಲ್ಲಾದರೆ ಬೀಸುವ ಕಲ್ಲಿತ್ತು. ಇಲ್ಲಿ ನಾಲ್ಕನೇ ಮಹಡಿಯಲ್ಲಿ ಬೀಸುವ ಕಲ್ಲು ತಿರುಗಿಸಿದರೆ ಮೂರನೇ ಮಹಡಿಯವರು ಅಸೋಸಿಯೇಷನ್ನಿಗೆ ದೂರು ಕೊಡುತ್ತಾರೆ. ಹಾಗಾಗಿ ಅವಳು ಬೆಳಗ್ಗೆ ಜೋಳದ ರೊಟ್ಟಿ ಬಡಿಯುವಾಗ ಹಾಡುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಸುನಂದಾ ಹಟ ಹಿಡಿದು, ನನ್ನ ರಜೆಯ ಭಾನುವಾರ ಬಿಟ್ಟು ದಿನಕ್ಕೊಂದರಂತೆ ನಲವತ್ತೊಂದು ಬೆಳಗ್ಗೆ, ಒಲೆಯ ಪಕ್ಕದ ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು ನಲವತ್ತೊಂದು ಹಾಡು ಹಿಡಿದಿಟ್ಟಳು. ಆ ಫೋನು ಕೆಡುವ ಮುಂಚೆ ಅವನ್ನೆಲ್ಲ ನಮ್ಮ ಹಳೆಯ ಕಂಪ್ಯೂಟರಿಗೆ ತುಂಬಿ ‘ಅವ್ವನ ಹಾಡು’ ಎಂದು ಹೆಸರಿಟ್ಟೆವು.

ಹೋದ ವರ್ಷ ಅವ್ವನಿಗೆ ಎದೆಯಲ್ಲಿ ಕಫ ಕಟ್ಟಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಉಳಿದು ಬಂದಳು, ಉಸಿರು ಮಾತ್ರ ಪೂರ್ತಿ ಬರಲಿಲ್ಲ. ಎರಡು ಸಾಲು ಹಾಡಿದರೆ ಕೆಮ್ಮು. ರೊಟ್ಟಿ ಬಡಿಯುವುದನ್ನೂ ಬಿಟ್ಟಳು, ಹಾಡುವುದನ್ನೂ ಬಿಟ್ಟಳು. “ಇನ್ನ ನನ್ನ ಹಾಡು ಆ ಡಬ್ಬ್ಯಾಗ ಇರಲಿ ಬಿಡ್ರಿ” ಎಂದು ಕಂಪ್ಯೂಟರಿನ ಕಡೆ ಕೈ ತೋರಿಸಿದಳು. ಆ ಮಾತು ಕೇಳಿದ ದಿನವೇ ಸುನಂದಾ ನನ್ನ ಪಟ್ಟಿಯ ಕೆಳಗೆ ತನ್ನ ಕೈಯಾರೆ ಆ ಕೊನೆಯ ಸಾಲು ಬರೆದಳು. ಹಾಡುಗಳನ್ನು ಹೊಸ ಲ್ಯಾಪ್‌ಟಾಪಿಗೆ ಇಳಿಸಬೇಕು, ಆಮೇಲೆ ಪ್ರತಿ ತಿಂಗಳು ಒಂದು ಹಾಡು ಹಚ್ಚಿ ಕಾಪಿ ನೆಟ್ಟಗಿದೆಯೇ ನೋಡಬೇಕು. ನಾನು ಆಯಿತು ಎಂದೆ.

ಮೊದಲ ತಿಂಗಳು ನನಗೆ ನಿದ್ದೆ ಬಂದಿತ್ತು. ಭಾನುವಾರದ ಊಟ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಗಟ್ಟಿ ಮೊಸರು. ನಾಳೆ ಮಾಡಿದರಾಯಿತು ಎಂದುಕೊಂಡು ಸಹಿ ಹಾಕಿದೆ. ಎರಡನೆಯ ತಿಂಗಳು, ಹೋದ ತಿಂಗಳೇ ಸಹಿ ಹಾಕಿದ್ದೀನಲ್ಲ, ಈಗ ಹಾಕದಿದ್ದರೆ ಅನುಮಾನ ಬರುತ್ತದೆ ಎಂದು ಹಾಕಿದೆ. ಮೂರನೆಯ ತಿಂಗಳಿಗೆ ಕೈ ತಾನಾಗಿ ಹೋಯಿತು. ಹೀಗೆ ಹತ್ತು ಸಹಿ. ಫಿಲ್ಟರ್ ಸತ್ಯ, ಗ್ಯಾಸ್ ಪೈಪ್ ಸತ್ಯ, ಮಾತ್ರೆ ಸತ್ಯ. ಕೊನೆಯ ಸಾಲು ಮಾತ್ರ ಶುದ್ಧ ಸುಳ್ಳು. ಕಾರ್ಖಾನೆಯಲ್ಲಿ ಇಂಥವನೊಬ್ಬ ನನ್ನ ಕೈಗೆ ಸಿಕ್ಕಿದ್ದರೆ ಅವನನ್ನು ಅರ್ಧ ದಿನ ನಿಲ್ಲಿಸಿ ಬೈಯುತ್ತಿದ್ದೆ.

ಆ ಭಾನುವಾರ ಸುನಂದಾ ಚೀಲ ಹಿಡಿದು ರೈತು ಬಜಾರಿಗೆ ಹೊರಟಳು. ಅವಳು ಟೊಮೇಟೊ ಒಂದೊಂದನ್ನೂ ಹಿಚುಕಿ ನೋಡಿ ಆರಿಸುವವಳಾದ್ದರಿಂದ ಹನ್ನೆರಡರ ಒಳಗೆ ಬರುವ ಮಾತಿಲ್ಲ. ನಾನು ಏನೋ ಹುಡುಕಲೆಂದು ಹಳೆಯ ಕಂಪ್ಯೂಟರನ್ನು ಹಚ್ಚಿದೆ. ಅದರ ಒಳಗಿನಿಂದ ಕಟ್, ಕಟ್, ಕಟ್ ಎಂದು ಶಬ್ದ ಬಂತು. ಹಲ್ಲು ಕಡಿಯುವ ಶಬ್ದ. ನಮ್ಮ ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವ ಖಾದರ್ ಭಾಯ್ ಒಮ್ಮೆ ಹೇಳಿದ್ದ: ಈ ಶಬ್ದ ಬಂದರೆ ಒಳಗಿನ ಡಿಸ್ಕು ಮೇಲಿನ ಊರಿಗೆ ಟಿಕೇಟು ತೆಗೆದಿದೆ ಎಂದು ಅರ್ಥ, ಇವತ್ತೋ ನಾಳೆಯೋ. ಆ ಡಬ್ಬಿ ನಿಂತರೆ ನಲವತ್ತೊಂದು ಹಾಡೂ ಅದರ ಜೊತೆಗೇ ನಿಂತಂತೆ. ಫ್ರಿಜ್ಜಿನ ಕಡೆ ನೋಡಿದೆ. ಹತ್ತು ಸಹಿಗಳು ಹಲ್ಲು ಕಿರಿಯುತ್ತಿದ್ದವು.

ನೀವು ಕೇಳಬಹುದು, ಒಂದು ಪೆನ್ ಡ್ರೈವ್ ಚುಚ್ಚಿ ತೆಗೆದುಕೊಳ್ಳಬಾರದಿತ್ತೇ ಎಂದು. ಚುಚ್ಚಿದೆ. ಚುಚ್ಚಿದ ಕೂಡಲೇ ಕಂಪ್ಯೂಟರು ಆರಿಹೋಯಿತು. ನಾನೂ ಅರ್ಧ ಆರಿದೆ. ಮತ್ತೆ ಹೊತ್ತಿಸಲು ಆರು ನಿಮಿಷ ಬೇಕಾಯಿತು. ಆ ಆರು ನಿಮಿಷದಲ್ಲಿ ನಮ್ಮ ಮನೆದೇವರಿಗೆ ಎಷ್ಟು ತೆಂಗಿನಕಾಯಿ ಹೇಳಿಕೊಂಡೆನೋ ದೇವರೇ ಲೆಕ್ಕ ಇಟ್ಟಿರಬೇಕು. ಅಂಗಡಿಗೆ ಹೊತ್ತೊಯ್ಯೋಣವೆಂದರೆ ಸುನಂದಾ ಬಂದಾಗ ಮೇಜು ಖಾಲಿ ಕಾಣುತ್ತದೆ. ಉಳಿದ ದಾರಿ ಒಂದೇ: ಮನೆಯ ವೈಫೈ ಮೂಲಕ ಹಳೆಯ ಕಂಪ್ಯೂಟರಿನಿಂದ ಹೊಸ ಲ್ಯಾಪ್‌ಟಾಪಿಗೆ ಹಾಡುಗಳನ್ನು ಎಳೆದುಕೊಳ್ಳುವುದು. ಎರಡಕ್ಕೂ ವೈಫೈ ಇದೆ, ಎರಡೂ ಒಂದೇ ಮೇಜಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂತಿವೆ. ಆದರೆ ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಹಳೆಯದರ ಹೆಸರಿಲ್ಲ. ಹಳೆಯದರಲ್ಲಿ ಹುಡುಕಿದರೆ ಲ್ಯಾಪ್‌ಟಾಪಿನ ಹೆಸರಿಲ್ಲ. ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಒಂದು ನೋಡಲೊಲ್ಲವು.

ಖಾದರ್ ಭಾಯ್‌ಗೆ ಫೋನು ಮಾಡಿದೆ. ಕಾರ್ಖಾನೆಯಲ್ಲಿ ಅವನನ್ನು ಎಷ್ಟು ಸಲ ‘ಸಹಿ ಎಲ್ಲಿ’ ಎಂದು ಕಾಡಿದ್ದೇನೋ. ಪಾಪ, ಅದೊಂದನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಭಾನುವಾರವೂ ಫೋನು ಎತ್ತಿದ.

“ಪಹಲೇ ಯೇ ಬೋಲೋ ಸಾಬ್,” ಎಂದ, “ದೋನೋ ಏಕಿಚ್ ವೈಫೈ ಪೇ ಹೈ ನಾ?”

ಎರಡೂ ಒಂದೇ ವೈಫೈ ಮೇಲಿವೆಯೇ ಎಂಬುದು ಅವನ ಪ್ರಶ್ನೆ. ಎಂಥ ಪ್ರಶ್ನೆ! ನನಗಿರುವುದೇ ಒಂದು ಮನೆ, ಮನೆಗಿರುವುದೇ ಒಂದು ವೈಫೈ. ಎರಡರಲ್ಲೂ ಮೂಲೆಯಲ್ಲಿ ಸಿಗ್ನಲ್ಲಿನ ಗೆರೆಗಳು ತುಂಬಿ ನಿಂತಿವೆ. “ಹೌ ಹೌ, ಏಕಿಚ್” ಎಂದೆ, ಅವನು ಪ್ರಶ್ನೆ ಮುಗಿಸುವ ಮುಂಚೆಯೇ.

ಆಮೇಲೆ ಶುರುವಾಯಿತು ನೋಡಿ. ಮೊದಲು ‘ಪಿಂಗ್’ ಮಾಡಿಸಿದ. ಪಿಂಗ್ ಎಂದರೆ ಒಂದು ಕಂಪ್ಯೂಟರು ಇನ್ನೊಂದರ ಬಾಗಿಲಲ್ಲಿ ನಿಂತು ‘ಯಾರಿದ್ದೀರಿ ಮನ್ಯಾಗ’ ಎಂದು ಕೂಗುವುದು. ನಾಲ್ಕು ಸಲ ಕೂಗಿತು, ನಾಲ್ಕು ಸಲವೂ ಉತ್ತರವಿಲ್ಲ. ಹಳೆಯದು ಮಾತ್ರ ಕಟ್, ಕಟ್ ಎನ್ನುತ್ತಲೇ ಇತ್ತು. ವೈಫೈ ಡಬ್ಬಿ ಆರಿಸಿ ಹೊತ್ತಿಸು ಎಂದ; ಆರಿಸಿ ಹೊತ್ತಿಸಿದೆ. ಹಂಚಿಕೆ ಶುರುಮಾಡು ಎಂದ, ಮಾಡಿದೆ. ಗುಪ್ತಪದ ಕೇಳುವುದನ್ನು ಬಂದ್ ಮಾಡು ಎಂದ, ಮಾಡಿದೆ. ಪ್ರತಿ ಸಲ ಒತ್ತುವ ಮುಂಚೆ ಅಕ್ಷರಗಳನ್ನು ಎರಡೆರಡು ಸಲ ಓದುತ್ತಿದ್ದೆ. ನನ್ನ ಭಯ ಇಷ್ಟೇ: ‘ಹಂಚಿಕೊ’ ಎನ್ನುವುದರ ಪಕ್ಕದಲ್ಲೇ ‘ಅಳಿಸು’ ಎನ್ನುವುದೂ ಇರುತ್ತದೆ, ಈ ಕಂಪ್ಯೂಟರ್ ಮಾಡಿದವರಿಗೆ ಅಂತಃಕರಣವೇ ಇಲ್ಲ.

ದಿವಾನಿನ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದ ಅವ್ವ ಕನ್ನಡಕದ ಮೇಲಿನಿಂದ ನೋಡಿದಳು. “ಏನೋ ತಮ್ಮಾ, ಅದರ ಮುಂದ ಕೈ ಮುಗದು ಕುಂತೀಯಲ್ಲ, ಏನಾತು?”

“ಏನಿಲ್ಲವ್ವ, ಒಂದೀಟು ಸಾಫ್ ಮಾಡಾಕತ್ತೀನಿ.”

“ಸಾಫ್ ಮಾಡಾಕ ಇಷ್ಟ್ಯಾಕ ಬೆವತೀದಿ? ಫ್ಯಾನ್ ಹಚ್ಚಿಕೋ.”

ಫ್ಯಾನು ಹಚ್ಚಿಯೇ ಇತ್ತು. ಯಾರ ಹಾಡು ಹೋಗಲಿದೆಯೋ ಅವಳೇ ಎದುರಿಗೆ ಕೂತು ನನ್ನ ಬೆವರಿನ ಚಿಂತೆ ಮಾಡುತ್ತಿದ್ದಳು.

ಖಾದರ್ ಭಾಯ್ ಕೊನೆಯ ಅಸ್ತ್ರ ತೆಗೆದ. “ಫೈರ್‌ವಾಲ್ ಬಂದ್ ಕರೋ ಸಾಬ್. ಸಬ್ ಖುಲ್ಲಾ ಛೋಡ್ ದೋ.” ಫೈರ್‌ವಾಲ್ ಎಂದರೆ ಕಂಪ್ಯೂಟರಿನ ಕಾಂಪೌಂಡ್ ಗೋಡೆ. ಅದನ್ನು ಕೆಡವಿ ಎಲ್ಲರಿಗೂ ಬಾಗಿಲು ತೆರೆದಿಡು ಎಂಬುದು ಅವನ ಸಲಹೆ. ಬಾಲ್ಕನಿಯ ಬಾಗಿಲಿಗೆ ಮೂರು ಚಿಲಕ ಹಾಕಿ ಮಲಗುವ ನನಗೆ ಹೇಗಾಗಿರಬೇಕು! “ಡರೋ ನಕ್ಕೋ ಸಾಬ್, ಕುಛ್ ನೈ ಹೋತಾ” ಎಂದ. ಏನೂ ಆಗುವುದಿಲ್ಲ ಎಂದು ಬೇರೆಯವರು ಹೇಳಿದಾಗಲೆಲ್ಲ ನನಗೆ ಏನಾದರೂ ಆಗಿದೆ. ಆದರೂ ಕಣ್ಣು ಮುಚ್ಚಿ ಒತ್ತಿದೆ. ‘ಹಾಡು, ಚಿತ್ರ, ವಿಡಿಯೋಗಳನ್ನು ಎಲ್ಲ ಸಾಧನಗಳಿಗೂ ತೋರಿಸು’ ಎನ್ನುವ ಒಂದು ಚೌಕ ಕಂಡಿತು, ಅದಕ್ಕೂ ಟಿಕ್ ಹಾಕಿದೆ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಎಂದು ಬಂತು. ಅದು ನನಗೆ ಗೊತ್ತಿತ್ತು; ಅಪಾಯದಲ್ಲಿದ್ದದ್ದು ಕಂಪ್ಯೂಟರೊಂದೇ ಅಲ್ಲ.

ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಖಾಲಿ. ಇಪ್ಪತ್ತು ನಿಮಿಷ ಏನೇನೋ ಒತ್ತಿದೆ. ಖಾಲಿ. “ಮೈ ನಾಷ್ಟಾ ಕರ್‌ಕೇ ಆತೂಂ ಸಾಬ್” ಎಂದು ಖಾದರ್ ಭಾಯ್ ನಾಷ್ಟಾಕ್ಕೆ ಹೋದ. ಹನ್ನೊಂದೂಮುಕ್ಕಾಲು. ನಾನು ಎರಡೂ ಕಂಪ್ಯೂಟರುಗಳ ನಡುವೆ ತಲೆಯಿಟ್ಟು ಕೂತೆ. ಆಗ ಕೇಳಿಸಿತು.

ಮೊದಲು ಪಟ, ಪಟ, ಪಟ ಎಂದು ರೊಟ್ಟಿ ಬಡಿಯುವ ಸದ್ದು. ಅದರ ಮೇಲೆ ಅವ್ವನ ಹಾಡು. ಈಗಿನ ಸಣ್ಣ ದನಿಯಲ್ಲ, ಒಂಬತ್ತು ವರ್ಷದ ಹಿಂದಿನ ತುಂಬಿದ ದನಿ, ಎದೆಯ ತಳದಿಂದ ಬರುತ್ತಿದ್ದುದು. ನಾನು ಸರ್ರನೆ ತಲೆಯೆತ್ತಿದೆ. ಕಂಪ್ಯೂಟರು ಬಾಯಿ ಮುಚ್ಚಿಕೊಂಡಿತ್ತು. ಅದಕ್ಕೆ ಸ್ಪೀಕರನ್ನೇ ಹಚ್ಚಿರಲಿಲ್ಲ. ಲ್ಯಾಪ್‌ಟಾಪೂ ಸುಮ್ಮನಿತ್ತು. ಅವ್ವ ದಿವಾನಿನ ಮೇಲೆ ಬಾಯಿ ಮುಚ್ಚಿ ಕೂತಿದ್ದಳು, ಕೈಯಲ್ಲಿ ಮೆಂತ್ಯದ ಕಡ್ಡಿ. ಅವಳ ದನಿ ಮಾತ್ರ ಬಾಗಿಲಿನ ಆಚೆಯಿಂದ ಬರುತ್ತಿತ್ತು. ಮೈಯ ಕೂದಲೆಲ್ಲ ನಿಂತವು. ಡಿಸ್ಕು ಸತ್ತೇಹೋಯಿತು, ಹಾಡುಗಳು ಅದರೊಳಗಿಂದ ಹೊರಬಿದ್ದು ದಿಕ್ಕಿಲ್ಲದೆ ಕಾರಿಡಾರಿನಲ್ಲಿ ಅಲೆಯುತ್ತಿವೆ ಎಂದೇ ಆ ಕ್ಷಣಕ್ಕೆ ನಂಬಿದೆ. ವಿಜ್ಞಾನದ ಪದವಿ ಪಡೆದವನು ನಾನು. ಹೆದರಿಕೆಗೆ ಪದವಿ ಕಾಣುವುದಿಲ್ಲ.

ಅವ್ವನಿಗೆ ಮಾತ್ರ ಏನೂ ಆಗಲಿಲ್ಲ. “ಯಾರೋ ಅದು, ನನ್ನಂಗ ಹಾಡಾಕತ್ತಾರಲ್ಲ?” ಎಂದು ಸೆರಗು ಕೊಡವಿ ಎದ್ದಳು, ಗೋಡೆ ಹಿಡಿದುಕೊಂಡು ಬಾಗಿಲು ತೆರೆದು ಹೊರಗೇ ನಡೆದಳು. ಅವಳ ಹಿಂದೆ ನಾನು. ಅದೇ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆದು ಸುನಂದಾ ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಹೊರಬಂದಳು. ಮೂವರೂ ಎದುರು ಮನೆಯ ಮುಂದೆ ನಿಂತೆವು. ಹಾಡು ಬರುತ್ತಿದ್ದುದು ಅಲ್ಲಿಂದ.

ಎದುರು ಮನೆಯಲ್ಲಿರುವವರು ಪದ್ಮಾವತಿ ಗಾರು, ಅಂದರೆ ನಮ್ಮ ಮಾತಿನಲ್ಲಿ ಪದ್ಮಾವತಿಯವರು, ರಿಟೈರಾದ ತೆಲುಗು ಟೀಚರು, ಒಬ್ಬರೇ ಇರುತ್ತಾರೆ. ಬಾಗಿಲು ತೆರೆದವರ ಮುಖ ಹಬ್ಬದ ಹಾಗಿತ್ತು. “ರಂಡಿ ರಂಡಿ! ಮಾ ಟೀವೀಲೋ ಕೊತ್ತ ಛಾನೆಲ್ ವಚ್ಚಿಂದಿ!” ಎಂದರು. ಬನ್ನಿ ಬನ್ನಿ ಎಂದು ಕರೆದದ್ದು; ಅವರ ಟೀವಿಯಲ್ಲಿ ಒಂದು ಹೊಸ ಚಾನೆಲ್ ಬಂದಿದೆಯಂತೆ. ಹೋಗಿ ನೋಡಿದರೆ ಟೀವಿಯ ಪರದೆಯ ತುಂಬ ದೊಡ್ಡದಾಗಿ ‘ಅವ್ವನ ಹಾಡು’, ಕೆಳಗೆ ನಲವತ್ತೊಂದು ಹಾಡುಗಳ ಪಟ್ಟಿ. ಕನ್ನಡದ ಅಕ್ಷರ ತೆಲುಗಿನವರಿಗೆ ತಡವರಿಸಿಯಾದರೂ ಓದಲು ಬರುತ್ತದಲ್ಲ. ‘ಅವ್ವ’ ಎಂದರೆ ಅವರಲ್ಲಿ ಅಜ್ಜಿ. ಅಜ್ಜಿಯರ ಹಾಡಿನ ಚಾನೆಲ್ ಇರಬೇಕು ಎಂದು ಹಚ್ಚಿಕೊಂಡು ಕೂತಿದ್ದಾರೆ, ಆಗಲೇ ಆರು ಹಾಡು ಮೆಲ್ಲಗೆ ಕೇಳಿ ಮುಗಿಸಿ, ಹಿಡಿಸಿತೆಂದು ಈಗ ದನಿ ಏರಿಸಿದ್ದಾರೆ.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು, ಹತ್ತಿದ್ದು ನೋಡಿ ನಾಚಿಕೆಯಾಯಿತು. ಹೋದ ಮಳೆಗಾಲದಲ್ಲಿ ನಮ್ಮ ರಸ್ತೆ ಅಗೆದಾಗ ನಮ್ಮ ಇಂಟರ್‌ನೆಟ್ಟಿನ ಕೇಬಲ್ಲು ತುಂಡಾಗಿ ಎಂಟು ದಿನ ಪರದಾಡಿದ್ದೆವು. ಆಗ ಪದ್ಮಾವತಿ ಗಾರು, ಮೊಸರಿಗೆ ಹೆಪ್ಪು ಕೊಡುವಷ್ಟೇ ಸಲೀಸಾಗಿ, ತಮ್ಮ ವೈಫೈಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ನಮ್ಮ ಕೇಬಲ್ಲು ಸರಿಹೋದ ಮೇಲೆ ಲ್ಯಾಪ್‌ಟಾಪನ್ನು ನಮ್ಮ ವೈಫೈಗೆ ವಾಪಸು ತಂದೆ. ಹಳೆಯ ಕಂಪ್ಯೂಟರನ್ನು ಮರೆತೆ. ಅದು ಕೂತಿದ್ದು ನಮ್ಮ ಮೇಜಿನ ಮೇಲೆ, ಸಂಸಾರ ಮಾಡುತ್ತಿದ್ದದ್ದು ಎದುರು ಮನೆಯಲ್ಲಿ. ಪಕ್ಕದ ಲ್ಯಾಪ್‌ಟಾಪಿಗೆ ಅದು ಕಾಣುವುದಾದರೂ ಹೇಗೆ? ಕಾಂಪೌಂಡು ಗೋಡೆ ಕೆಡವಿದ ಮೇಲೆ ಅದು ಕಂಡದ್ದು ಆ ಮನೆಯ ಟೀವಿಗೆ. ಎರಡೂ ಒಂದೇ ವೈಫೈ ಮೇಲಿವೆಯೇ ಎಂದು ಖಾದರ್ ಭಾಯ್ ಮೊದಲ ಪ್ರಶ್ನೆಯಲ್ಲೇ ಕೇಳಿದ್ದ. ನಾನು ನೋಡದೆ ಹೌದು ಎಂದಿದ್ದೆ.

ಪದ್ಮಾವತಿ ಗಾರು ಬಲವಂತ ಮಾಡಿ ಮೂವರನ್ನೂ ಸೋಫಾದ ಮೇಲೆ ಕೂರಿಸಿದರು. ಅವ್ವ ತನ್ನ ದನಿಯನ್ನು ತಾನೇ ತಲೆ ವಾಲಿಸಿ ಕೇಳುತ್ತಿದ್ದಳು, ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ರೊಟ್ಟಿ ಬಡಿಯುತ್ತಿದ್ದವು. ಹಾಡಿನಲ್ಲಿ ಒಬ್ಬ ಹುಡುಗಿ ಪಂಚಮಿಗೆ ತವರಿಗೆ ಹೊರಟಿದ್ದಾಳೆ, ದಾರಿಯಲ್ಲಿ ಹೊಳೆ ತುಂಬಿ ಹರಿಯುತ್ತಿದೆ, ದಂಡೆಯಲ್ಲಿ ನಿಂತು ಅಂಬಿಗನನ್ನು ಕರೆಯುತ್ತಾಳೆ. ಅಷ್ಟರಲ್ಲಿ ಟೀವಿಯೊಳಗಿಂದ ಒಬ್ಬ ಗಂಡಸು ಗಟ್ಟಿಯಾಗಿ ಕೂಗಿದ: “ಸಾಕವ್ವಾ, ಮುಗಸು! ಬಸ್ ಬರತೈತಿ!” ಹಾಡು ಅಲ್ಲಿಗೇ ಕತ್ತರಿಸಿತು.

ಆ ಗಂಡಸು ನಾನು. ನಮ್ಮ ಕಾರ್ಖಾನೆಯ ಬಸ್ಸು ರಸ್ತೆಯ ತಿರುವಿಗೆ ಬರುವುದು ಆರು ಹತ್ತಕ್ಕೆ. ಅಷ್ಟರಲ್ಲಿ ರೊಟ್ಟಿ ಡಬ್ಬಿಗೆ ಬೀಳಬೇಕಿತ್ತು.

“ಪ್ರತಿ ಪಾಟ ಚಿವರ ಆಯನ ಇದೇ ಅಂಟಾಡಂಡಿ, ಚಾಲಾ ಬಾಗುಂದಿ. ಅದೇನಾ ಪಲ್ಲವಿ?” ಎಂದು ಪದ್ಮಾವತಿ ಗಾರು ಕಣ್ಣರಳಿಸಿ ಕೇಳಿದರು. ಪ್ರತಿ ಹಾಡಿನ ಕೊನೆಗೂ ಆತ ಇದನ್ನೇ ಹೇಳುತ್ತಾನೆ, ಇದೇ ಪಲ್ಲವಿಯೇ ಎಂದು. ಕೇಳಿ ಸುಮ್ಮನಾಗದೆ “ಸಾಕವ್ವಾ ಮುಗಸು” ಎಂದು ರಾಗವಾಗಿ ಹಾಡಿಯೂ ತೋರಿಸಿದರು. ನಾನು ನೆಲ ನೋಡುತ್ತಾ, ಅದು ಒಂಥರಾ ಮಂಗಳ, ಹಾಡು ಮುಗಿಸುವಾಗ ನಮ್ಮ ಕಡೆ ಹೇಳುವ ಪದ್ಧತಿ ಎಂದು ತೆಲುಗಿನಲ್ಲಿ ಗೊಣಗಿದೆ. ಅವ್ವ ಹದಿನಾಲ್ಕು ವರ್ಷದಿಂದ ತರಕಾರಿಯವರ ಜೊತೆ ತೆಲುಗಿನಲ್ಲೇ ಜಗಳಾಡಿ ಬಂದವಳು. “ಕಾದಮ್ಮಾ,” ಎಂದಳು ಶಾಂತವಾಗಿ, “ಬಸ್ಸು ವಸ್ತುಂದಿ, ಆಪು ಅಂಟುನ್ನಾಡು.” ಅಲ್ಲಮ್ಮಾ, ಬಸ್ಸು ಬರುತ್ತಿದೆ, ನಿಲ್ಲಿಸು ಅಂತಿದಾನೆ. ಪದ್ಮಾವತಿ ಗಾರು ಟೀವಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ಹಾಗೆ ನೋಡಿದ ಕಣ್ಣು ಅದು. ಅವರು ನಗಲಿಲ್ಲ.

ಸುನಂದಾ ಮಾತ್ರ ಬೇರೆ ಏನನ್ನೋ ಯೋಚಿಸುತ್ತಿದ್ದಳು. ಕಾರಿಡಾರಿಗೆ ಬಂದ ಮೇಲೆ ಕೇಳಿದಳು. “ಹಾಡು ಹೊಸಾ ಲ್ಯಾಪ್‌ಟಾಪಿನ್ಯಾಗ ಅದಾವಲ್ರಿ. ಹಳೇದನ್ಯಾಕ ಹಚ್ಚಿ ಕುಂತಿದ್ರಿ?”

“ಇಲ್ಲ,” ಎಂದೆ.

“ಏನಿಲ್ಲ?”

“ಹೊಸಾದ್ರಾಗ ಇಲ್ಲ. ನಾ ಕಾಪಿ ಮಾಡೇ ಇಲ್ಲ.”

“ಸಹಿ ಹಾಕೀರಲ್ಲ.”

“ಹಾಕೀನಿ.”

ಅವಳು ಚೀಲಗಳನ್ನು ನೆಲಕ್ಕಿಟ್ಟಳು. ಬೈಯುತ್ತಾಳೆಂದು ನಾನು ಕಣ್ಣು ಕಿರಿದು ಮಾಡಿಕೊಂಡು ನಿಂತೆ, ಬೈಯಲಿಲ್ಲ. ಒಂದು ಟೊಮೇಟೊ ಉರುಳಿಕೊಂಡು ಲಿಫ್ಟಿನವರೆಗೂ ಹೋಯಿತು, ಅದನ್ನೂ ಎತ್ತಿಕೊಳ್ಳಲಿಲ್ಲ. “ನಾನೂ ಹಾಕೀನಿ,” ಎಂದಳು ಕೊನೆಗೆ. “ಒಂದು ದಿನಾನೂ ತಗದು ನೋಡ್ಲಿಲ್ಲ. ಉಳಿದೋರ ಸಹಿ ಆಗಿದ್ರ ನೋಡ್ತಿದ್ನೇನೋ. ನಿಮ್ಮ ಸಹಿ ಅಂತ ನೋಡ್ಲಿಲ್ಲ.” ಕಾರ್ಖಾನೆಯಲ್ಲಿ ನಾನು ಮೇಜು ಗುದ್ದಿ ಹೇಳಿದ ಯಾವ ಮಾತೂ ಯಾರಿಗೂ ಇಷ್ಟು ನಾಟಿರಲಾರದು. ಡಿಸ್ಕಿನ ಹಲ್ಲು ಕಡಿತ, ಎದುರು ಮನೆಯ ವೈಫೈ ಎರಡನ್ನೂ ಹೇಳಿದ ಮೇಲೆ ಅವಳೇ ಅವಸರ ಮಾಡಿದಳು: “ನಡೀರಿ, ಅದು ಉಸಿರು ಬಿಡೂದ್ರಾಗ ಮೊದ್ಲ ಅದನ್ನ ಮನಿಗೆ ಕರಕೊಂಡು ಬರೂಣು.”

ಹಳೆಯ ಕಂಪ್ಯೂಟರನ್ನು ನಮ್ಮ ವೈಫೈಗೆ ತಂದ ಮರುಕ್ಷಣ ಎರಡೂ ಒಂದನ್ನೊಂದು ಕಂಡವು, ಇಷ್ಟು ಹೊತ್ತು ಏ‌ನೂ ನಡೆದೇ ಇಲ್ಲ ಎನ್ನುವ ಹಾಗೆ. ಹಾಡುಗಳು ಒಂದೊಂದಾಗಿ ಸಾಗತೊಡಗಿದವು. ಇಪ್ಪತ್ತೇಳನೆಯದರ ಹತ್ತಿರ ಡಿಸ್ಕು ಜೋರಾಗಿ ಕಟಕಟಿಸಿ ಎಲ್ಲವೂ ನಿಂತಿತು. ಒಂದು ನಿಮಿಷ. ಸುನಂದಾ ನನ್ನ ಮುಂಗೈ ಹಿಡಿದುಕೊಂಡಳು, ಉಗುರು ನಾಟುವಷ್ಟು. ನಾನು ಕೆಮ್ಮಲೂ ಹೆದರಿ ಕೂತೆ. ಇಪ್ಪತ್ತೆಂಟು ಎಂದು ಅಂಕಿ ಬದಲಾದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ನಲವತ್ತೊಂದೂ ಬಂದವು. ಹಳೆಯದು ಆಮೇಲೆ ಮೂರು ದಿನ ಬದುಕಿತ್ತು. ಖಾದರ್ ಭಾಯ್ ನಾಷ್ಟಾ ಮುಗಿಸಿ ಫೋನು ಮಾಡಿದ, ನಡೆದದ್ದನ್ನು ಹೇಳಿದೆ. “ಪಹಲಾ ಸವಾಲ್ ಕ್ಯಾ ಪೂಛಾ ಥಾ ಸಾಬ್ ಮೈ?” ತಾನು ಕೇಳಿದ ಮೊದಲ ಪ್ರಶ್ನೆ ಯಾವುದು ಎಂದಷ್ಟೇ ಕೇಳಿ ಇಟ್ಟುಬಿಟ್ಟ.

ಸಂಜೆಯವರೆಗೂ ಕೂತು ನಲವತ್ತೊಂದನ್ನೂ ಕೇಳಿದೆವು. ಈ ಸಲ ನಿಜವಾಗಿ ನೋಡಿದೆವು. ಮೂವತ್ತೆಂಟು ಹಾಡಿನ ಕೊನೆಗೆ ನಾನಿದ್ದೆ. ಒಂದರಲ್ಲಿ “ಸಾಕವ್ವಾ”, ಇನ್ನೊಂದರಲ್ಲಿ “ಎಷ್ಟೊತ್ತವ್ವಾ”, ಮತ್ತೊಂದರಲ್ಲಿ ಬರೀ ಡಬ್ಬಿಯ ಮುಚ್ಚಳ ಕುಟ್ಟಿದ ಸದ್ದು. ಮದುವೆಯ ಹಾಡು ಅರಿಶಿನಕ್ಕೇ ನಿಂತಿತ್ತು, ಜೋಗುಳ ಮಗು ಮಲಗುವ ಮುಂಚೆಯೇ ಮುಗಿದಿತ್ತು. ಪೂರ್ತಿ ಇದ್ದವು ಮೂರೇ ಮೂರು; ಆ ಮೂರು ದಿನ ನಾನು ಜ್ವರ ಬಂದು ಹಾಸಿಗೆಯಲ್ಲಿದ್ದೆನಂತೆ, ಸುನಂದಾ ನೆನಪಿಸಿದಳು. ಬೆಳಗಿನಿಂದ ಕಳೆದುಹೋಗುತ್ತವೆಂದು ನಾನು ಗಡಗಡ ನಡುಗಿದ್ದು ಅರ್ಧ ಹಾಡುಗಳಿಗಾಗಿ. ಉಳಿದರ್ಧ ಎಂದೋ ಕಳೆದಿತ್ತು. ಕಳೆದವನು ನಾನು, ಅದಕ್ಕೆ ಯಾವ ಡಿಸ್ಕೂ ಕೆಡಬೇಕಾಗಿರಲಿಲ್ಲ.

“ಅವ್ವಾ,” ಎಂದೆ, “ಆ ಹೊಳೀ ದಂಡ್ಯಾಗಿನ ಹುಡುಗಿ ಆಮ್ಯಾಲ ದಾಟಿದ್ಲೇನು?”

“ನಿನ್ನ ಬಸ್ ಬಂತಲ್ಲೋ,” ಎಂದಳು ಅವ್ವ, ಸಿಟ್ಟಿಲ್ಲದೆ. “ಆಕೀನ ಅಲ್ಲೇ ಬಿಟ್ಟು ನಿನಗ ರೊಟ್ಟಿ ಕಟ್ಟಿದ್ನಿ.”

ಅಂದಿನಿಂದ ಸಂಜೆ ಬಸ್ಸಿನಿಂದ ಇಳಿದವನೇ ಕೈಕಾಲು ತೊಳೆದು, ಒಂದು ನೋಟ್‌ಬುಕ್ ಹಿಡಿದು ಅವ್ವನ ಎದುರು ಕೂರುತ್ತೇನೆ. ಹಾಡಲು ಉಸಿರಿಲ್ಲ, ಬರೀ ಮಾತಿನಲ್ಲಿ ಹೇಳುತ್ತಾಳೆ. ಕೈ ಆಡದಿದ್ದರೆ ಅದೂ ಬರುವುದಿಲ್ಲವೆಂದು ಒಂದಿಷ್ಟು ಬೆಳ್ಳುಳ್ಳಿ ಸುಲಿಯಲು ಕೊಡುತ್ತೇನೆ. ನಮ್ಮ ಮನೆಯಲ್ಲಿ ಈಗ ಬೆಳ್ಳುಳ್ಳಿ ಬೇಕಾದಷ್ಟಿದೆ, ಹಾಡು ಮಾತ್ರ ದಿನಕ್ಕೆ ಎರಡೇ ಸಾಲು. ಎರಡು ಸಾಲಿಗೆ ಅವಳ ಎದೆ ಏರಿಳಿಯುತ್ತದೆ. ಹುಡುಗಿ ಸದ್ಯಕ್ಕೆ ಮೊಣಕಾಲುದ್ದ ನೀರಿನಲ್ಲಿದ್ದಾಳೆ. ಅವಳು ಆಚೆ ದಡ ಮುಟ್ಟುವವರೆಗೂ ಅವ್ವನ ಉಸಿರು ಸಾಲಬೇಕಲ್ಲ ಎಂಬ ಹೆದರಿಕೆ ಒಂದು ನನ್ನೊಳಗೆ ಬಂದು ಕೂತಿದೆ. ಇದರ ಮುಂದೆ ಲಿಫ್ಟು, ಕುಕ್ಕರು, ಹಾವು ಯಾವುದೂ ಲೆಕ್ಕಕ್ಕಿಲ್ಲ. ನಿನ್ನೆ ತಡೆಯಲಾರದೆ, “ಇನ್ನೊಂದೇ ಸಾಲು ಹೇಳವ್ವಾ” ಎಂದು ಅಂಗಲಾಚಿದೆ.

“ಸಾಕಪ್ಪಾ, ಮುಗಸು,” ಎಂದಳು ಅವ್ವ, ಬೆಳ್ಳುಳ್ಳಿಯ ಸಿಪ್ಪೆ ಕೊಡವಿ, “ನನ್ನ ಧಾರಾವಾಹಿ ಹೊತ್ತಾತು.” ರಿಮೋಟು ಸಿಗಲಿಲ್ಲ. ನಾನೇ ಎದ್ದು ಹುಡುಕಿಕೊಟ್ಟೆ.